ಹಂಡೆ ಎಲ್ಲಿ ಕೂರ್ಸೋದು?

ಭಾನುವಾರದಿಂದ ತಲೆಯಲ್ಲಿ ಒಂದೇ ಪ್ರಶ್ನೆ ಸುತ್ತುತ್ತಿದೆ. ಪ್ರಶ್ನೆ ನನ್ನದಲ್ಲ, ದೊಡ್ಡಮ್ಮನದು. ಮೂಡಿಗೆರೆ ಹತ್ತಿರ ಭಾವ ಕಟ್ಟಿಸಿದ ಹೊಸ ಹೋಂಸ್ಟೇ ನೋಡಲು ಹೋಗಿದ್ದೆವು. ಹಾಲ್‌ನ ಗೋಡೆಯಲ್ಲಿ ಫೈರ್‌ಪ್ಲೇಸ್ ಬಾಯಿ ತೆರೆದುಕೊಂಡು ನಿಂತಿತ್ತು. ದೊಡ್ಡಮ್ಮ ಬಗ್ಗಿ ಒಳಗೆ ನೋಡಿದಳು. ಕತ್ತು ತಿರುಗಿಸಿ ಚಿಮಣಿಯ ಕತ್ತಲನ್ನೂ ಇಣುಕಿದಳು. ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ನನ್ನನ್ನು ಕೇಳಿದಳು: "ಎಲ್ಲ ಸರಿ. ಹಂಡೆ ಎಲ್ಲಿ ಕೂರ್ಸೋದು ಮಾರಾಯ್ತಿ?"

ಎಲ್ಲರೂ ನಕ್ಕೆವು. ಭಾವ ಎಲ್ಲರಿಗಿಂತ ಜೋರಾಗಿ ನಕ್ಕರು. ದೊಡ್ಡಮ್ಮ ನಗಲಿಲ್ಲ.

ಭಾವ ನಮ್ಮನ್ನು ಕರೆಸಿದ್ದು ಕೆಲಸಕ್ಕೆ. ಫೈರ್‌ಪ್ಲೇಸನ್ನು 'ಮಲೆನಾಡು ಸ್ಟೈಲ್'ನಲ್ಲಿ ಅಲಂಕರಿಸಿ ಕೊಡಬೇಕು. ಸಾಗರದ ಕಡೆಯವರು, ಅದರಲ್ಲೂ ಗೋಡೆಗೆ ಚಿತ್ತಾರ ಬರೆಯುವ ದೀವರ ಸಮುದಾಯದ ಮನೆಯವರು ನಾವು ತಾನೇ. ಮಲೆನಾಡಿನ ಮನೆಯಲ್ಲಿ ಫೈರ್‌ಪ್ಲೇಸ್ ಎಲ್ಲಿತ್ತು ಅಂತ ಕೇಳಬೇಡಿ. ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಲ್ಲಿ ಬ್ರಿಟಿಷರು ತಮಗಾಗಿ ಕಟ್ಟಿಕೊಂಡ ಬಂಗಲೆಗಳಲ್ಲಿತ್ತು. ನಮ್ಮ ಮನೆಗಳಲ್ಲಿ ಬೆಂಕಿ ಇದ್ದಿದ್ದು ಎರಡೇ ಕಡೆ. ಒಂದು ಅಡುಗೆಮನೆ, ಇನ್ನೊಂದು ಬಚ್ಚಲು. ಭಾವ ಒಳ್ಳೆಯ ಮನುಷ್ಯ, ಊಟಕ್ಕೆ ಕೂತರೆ ಎಲೆ ತುಂಬ ಬಡಿಸುವವರು. ಆದರೆ ಹಳೆಯದನ್ನೆಲ್ಲ ದುಡ್ಡು ಕೊಟ್ಟು ತಂದು ಗೋಡೆಗೆ ಹೊಡೆಯುವ ಚಟವಿದೆ.

ಒಲೆಯ ಸುತ್ತ ಜಂಬಿಟ್ಟಿಗೆ ಕಲ್ಲು ಕಟ್ಟಿಸಿದ್ದರು. ಗಿಲಾವು ಮಾಡದೆ ಬಿಟ್ಟಿದ್ದರಿಂದ ಚೆನ್ನಾಗಿಯೇ ಕಾಣುತ್ತಿತ್ತು. ಅದರ ಮೇಲೆ ಅಡ್ಡಕ್ಕೆ ಹಲಸಿನ ಮರದ ದಪ್ಪ ತೊಲೆ. ಅದಕ್ಕೆ ಮ್ಯಾಂಟಲ್ ಅನ್ನಬೇಕಂತೆ. ಯಾರದೋ ಹಳೇ ಮನೆ ಕೆಡವಿದಾಗ ಸಿಕ್ಕಿದ್ದು. ತೊಲೆಯ ಒಂದು ತುದಿಯಲ್ಲಿ ಕಬ್ಬಿಣದ ಬಳೆಯೊಂದು ಇನ್ನೂ ಹಾಗೇ ಇದೆ. ಬಹುಶಃ ತೊಟ್ಟಿಲು ತೂಗಿದ ಬಳೆ. ಅದನ್ನು ಮುಟ್ಟಿದಾಗ ಏನೋ ಒಂಥರಾ ಆಯಿತು.

ತೊಲೆಯ ಮೇಲೆ ಏನೇನು ಇಡಬೇಕು ಅಂತ ಭಾವ ಮೊದಲೇ ಗುಡ್ಡೆ ಹಾಕಿದ್ದರು. ಚೆನ್ನೆಮಣೆ, ಕೊಳಗ, ಸೇರು, ಕಡೆಗೋಲು, ಒಂದು ಗೊರಬು. ಗೊರಬನ್ನು ತಲೆಕೆಳಗಾಗಿ ಇಟ್ಟು ಅದರಲ್ಲಿ ಒಣಹೂವು ತುಂಬುವ ಯೋಚನೆ. ಮಳೆಯಲ್ಲಿ ಗದ್ದೆಯಲ್ಲಿ ಬಗ್ಗಿದವರ ಬೆನ್ನು ಕಾಯ್ದ ಸಾಮಾನು ಅದು. ದೊಡ್ಡಮ್ಮ ಸುಮ್ನೆ ಅದನ್ನೆತ್ತಿ ನೆಟ್ಟಗೆ ಗೋಡೆಗೆ ಒರಗಿಸಿದಳು. ಭಾವ ಅದನ್ನು ಮತ್ತೆ ತಿರುಗಿಸಲಿಲ್ಲ.

ನಾನು ಭತ್ತದ ತೆನೆಯ ತೋರಣ ಒಯ್ದಿದ್ದೆ. ತೊಲೆಯಿಂದ ಕೆಳಗೆ ಇಳಿಬಿಟ್ಟರೆ ಚಂದ ಕಾಣುತ್ತಿತ್ತು. ಆದರೆ ಬೆಂಕಿಯ ಬಾಯಿಯಿಂದ ಅರ್ಧ ಅಡಿಯೊಳಗೆ ಮರವಾಗಲಿ ಒಣಗಿದ್ದಾಗಲಿ ಇರಬಾರದು ಅನ್ನೋದು ಮಾಮೂಲಿ ನಿಯಮ. ಆ ಒಣಹುಲ್ಲಿಗೆ ಒಂದು ಕಿಡಿ ಸಾಕು. ತೋರಣವನ್ನು ಬಾಗಿಲಿಗೆ ಕಟ್ಟಿದೆ. ಒಲೆಯ ಹತ್ತಿರ ಕಂಬಳಿ ಹಾಸುವ ಆಸೆಯೂ ಅಲ್ಲಿಗೇ ಮುಗಿಯಿತು.

ಇನ್ನು ಚಿತ್ತಾರ. ಭಾವನಿಗೆ ಬೇಕಾಗಿದ್ದು ತೊಲೆಯ ಮೇಲಿನ ಗೋಡೆ ಪೂರ್ತಿ ಹಸೆ ಚಿತ್ತಾರ. ದೊಡ್ಡಮ್ಮ ಕೇಳಿದಳು: "ಹಸೆ ಬರೆಯೋದು ಮದುವೆಗೆ. ಇಲ್ಲಿ ಯಾರ ಮದುವೆ?" ನಿಜ ಅಲ್ವಾ, ಗಂಡು ಹೆಣ್ಣು ಕೂರುವ ಜಾಗದ ಗೋಡೆಗೆ ಹೆಂಗಸರು ಹಾಡುತ್ತಾ ಬರೆಯುವ ಚಿತ್ತಾರ ಅದು. ಕೊನೆಗೆ ಬರೀ ಅಂಚು ಬರೆದುಕೊಡಲು ಒಪ್ಪಿದಳು, ಮೊನ್ನೆ ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಒಯ್ಯುವ ಬುಟ್ಟಿಯ ಮೇಲೆ ಬರೆದಳಲ್ಲ, ಅಂಥದ್ದು. ಗೋಡೆಗೆ ಕೆಮ್ಮಣ್ಣು ಬಳಿದೆವು. ಅಕ್ಕಿ ನೆನೆಸಿ ಅರೆದ ಬಿಳಿ, ಅಕ್ಕಿಯನ್ನೇ ಸೀಯುವಷ್ಟು ಹುರಿದು ಮಾಡಿದ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚ ಪುಂಡಿ ನಾರಿನದು. 70 ದಾಟಿದ ಕೈ. ಹಾಲು ಕಾಯಿಸುವಾಗ ನಡುಗುವ ಅದೇ ಕೈ ಎಳೆ ಎಳೆಯುವಾಗ ನಡುಗುವುದಿಲ್ಲ. ನಾನು ಎಳೆದ ಗೆರೆ ಸೊಟ್ಟಗಾದಾಗೆಲ್ಲ ಒದ್ದೆ ಬಟ್ಟೆಯಿಂದ ಒರೆಸಿ, ಏನೂ ಹೇಳದೆ ಮತ್ತೆ ಎಳೆದಳು. ಬೈದಿದ್ದರೆ ವಾಸಿಯಿತ್ತು.

ಸಂಜೆ ಮೋಡ ಕವಿದು ಮಳೆ ಬಂತು. ಒಲೆ ಉದ್ಘಾಟನೆಗೆ ಇದಕ್ಕಿಂತ ಒಳ್ಳೆ ಹೊತ್ತು ಬೇಕಾ ಅಂತ ಭಾವ ಸಿಲ್ವರ್ ಓಕ್ ಸೌದೆ ಒಟ್ಟಿ ಬೆಂಕಿ ಕೊಟ್ಟರು. ಮೊದಲ ಹತ್ತು ನಿಮಿಷ ಹೊಗೆ ಚಿಮಣಿಗೆ ಹೋಗುವ ಬದಲು ನಮ್ಮ ಮುಖಕ್ಕೇ ಬಂತು. ಮೇಸ್ತ್ರಿ ಮೊಬೈಲ್ ಫೋಟೊ ನೋಡಿ ಕಟ್ಟಿದ್ದಂತೆ. ಒಲೆಯ ಬಾಯಿ ದೊಡ್ಡದು, ಚಿಮಣಿಯ ಗಂಟಲು ಸಣ್ಣದು. ಹಾಗಿದ್ದರೆ ಹೊಗೆ ಪಾಪ ಎಲ್ಲಿಗೆ ಹೋಗಬೇಕು? ಬಿಳಿ ಎಳೆಗಳ ಮೇಲೆ ಆಗಲೇ ಕಂದು ಛಾಯೆ ಹತ್ತಿತ್ತು. ದೊಡ್ಡಮ್ಮ ಕೆಮ್ಮುತ್ತಾ ಅದನ್ನೇ ನೋಡುತ್ತಿದ್ದಳು.

ಆಮೇಲೆ ಕರೆಂಟು ಹೋಯಿತು. ಮೈಕೈಯೆಲ್ಲ ಕೆಮ್ಮಣ್ಣು, ಹೊಗೆ. ಸ್ನಾನ ಮಾಡೋಣವೆಂದರೆ ಗೀಸರ್ ಇಲ್ಲ. ಸೋಲಾರ್ ಇದೆ, ಆದರೆ ಎರಡು ದಿನದಿಂದ ಬಿಸಿಲೇ ಇಲ್ಲ. ನಲ್ಲಿ ತಿರುಗಿಸಿದರೆ ಐಸಿನಂಥ ನೀರು. ಹಾಲ್‌ನಲ್ಲಿ ಮಾತ್ರ ಒಂದು ಗಾಡಿಯಷ್ಟು ಸೌದೆ ಧಗಧಗ ಉರಿಯುತ್ತಿದೆ, ಆ ಕಾವೆಲ್ಲ ಚಿಮಣಿಯಲ್ಲಿ ಆಕಾಶಕ್ಕೆ ಹೋಗುತ್ತಿದೆ. ಹತ್ತಿರ ಕೂತರೆ ಮೊಣಕಾಲು ಸುಡುತ್ತೆ, ಬೆನ್ನು ಚಳಿ. ಯಾರೂ ಮಾತಾಡಲಿಲ್ಲ. ಎಲ್ಲರಿಗೂ ಆ ಪ್ರಶ್ನೆ ನೆನಪಾಗಿರಬೇಕು. ಅಕ್ಕ ಮಾತ್ರ ನನ್ನ ಕಡೆ ನೋಡಿ ತುಟಿ ಕಚ್ಚಿಕೊಂಡಳು.

ನನಗೆ ನಮ್ಮೂರ ಬಚ್ಚಲೊಲೆ ಕಣ್ಮುಂದೆ ಬಂತು. ಅಡಿಕೆ ಹಾಳೆ, ತೆಂಗಿನ ಮಟ್ಟೆ, ಚಿಪ್ಪು, ಕಸಕಡ್ಡಿ ಹಾಕಿದರೂ ಸಾಕು, ಮನೆಮಂದಿಗೆಲ್ಲ ನೀರು ಕಾಯುತ್ತಿತ್ತು. ಹಂಡೆ ಒಲೆಯ ಬಾಯಿ ಮುಚ್ಚಿ ಕೂತಿರುತ್ತಿದ್ದರಿಂದ ಬೆಂಕಿಗೆ ಬೇರೆ ದಾರಿಯೇ ಇರಲಿಲ್ಲ. ಆ ಒಲೆಗೆ ಅಲಂಕಾರ ಇರಲಿಲ್ಲವೇ? ಇತ್ತು. ದೀಪಾವಳಿಗೆ ಮೊದಲು ನೀರು ತುಂಬುವ ದಿನ ಹಂಡೆಯನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ಹೊಳೆಸುತ್ತಿದ್ದರು. ಶೇಡಿ ಅನ್ನೋ ಬಿಳಿ ಮಣ್ಣು, ಕೆಮ್ಮಣ್ಣಿನಲ್ಲಿ ಪಟ್ಟೆ ಎಳೆದು, ಕಂಠಕ್ಕೆ ಹಿಂಡ್ಲೆ ಬಳ್ಳಿ ಸುತ್ತುತ್ತಿದ್ದರು. ಮರುದಿನ ಬೆಳಗಿನ ಜಾವ ಎಣ್ಣೆಸ್ನಾನ. ಆ ಪಟ್ಟೆಯೂ ಮಸಿ ಹಿಡಿಯುತ್ತಿತ್ತು. ಅದಕ್ಕೆ ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಮುಂದಿನ ವರ್ಷ ಮತ್ತೆ ಬರೆದರಾಯ್ತು.

ದೊಡ್ಡಮ್ಮನದು ತಮಾಷೆಯೇ ಆಗಿರಲಿಲ್ಲ ಅಂತ ನನಗೆ ಹೊಳೆದಿದ್ದು ಆಗ. ಬೆಂಕಿ ಕಂಡ ಕೂಡಲೇ ಅದರ ಮೇಲೆ ಏನಿಡಬೇಕು ಅಂತ ಯೋಚಿಸುವ ಕಣ್ಣು ಅವಳದು. ನನ್ನ ಕಣ್ಣಿಗೆ ಬಿದ್ದಿದ್ದು ತೊಲೆ, ಕಲ್ಲಿನ ಬಣ್ಣ, ಫೋಟೊ ಎಲ್ಲಿಂದ ತೆಗೆಯಬೇಕು ಅನ್ನೋದು. ಒಪ್ಪಿಕೊಳ್ಳಲು ಸ್ವಲ್ಪ ನಾಚಿಕೆ, ನಾನು ಫೋಟೊ ತೆಗೆದೆ ಕೂಡ. ಚೆನ್ನಾಗಿ ಬಂದಿದೆ. ಹೊಗೆ ಕಾಣುವುದಿಲ್ಲ.

ಕೊನೆಗೆ ಅಕ್ಕ ಗ್ಯಾಸ್ ಮೇಲೆ ಕುಕ್ಕರಿನಲ್ಲಿ ನೀರು ಕಾಯಿಸಿ ಕೊಟ್ಟಳು. ಒಬ್ಬೊಬ್ಬರಿಗೆ ಅರ್ಧ ಬಕೆಟ್.

ನಿನ್ನೆ ರಾತ್ರಿ ಭಾವ ಫೋನ್ ಮಾಡಿದ್ದರು. ಚಿಮಣಿ ಸರಿ ಮಾಡಲು ಬೇರೆ ಮೇಸ್ತ್ರಿ ಬರುತ್ತಾನಂತೆ. ಚಿತ್ತಾರವನ್ನು ಎಲ್ಲರೂ ಹೊಗಳಿದರಂತೆ. ಆಮೇಲೆ ದನಿ ತಗ್ಗಿಸಿ ಹೇಳಿದರು: "ನೋಡು, ಒಲೆ ಪಕ್ಕ ಒಂದು ಮೂಲೆ ಖಾಲಿ ಕಾಣ್ತಿದೆ. ದೊಡ್ಡಮ್ಮನ ತಾಮ್ರದ ಹಂಡೆ ಇದೆಯಲ್ಲ, ಅದನ್ನ ಕೊಡ್ತಾರಾ ಕೇಳು. ಒಳಗೆ ಲೈಟ್ ಹಾಕಿಸ್ತೀನಿ."

ದೊಡ್ಡಮ್ಮ ಇವತ್ತು ಬೆಳಿಗ್ಗೆ ಹಬ್ಬಕ್ಕೆ ಹುಣಸೆಹಣ್ಣು ನೆನೆಹಾಕುತ್ತಿದ್ದಳು. ನಾನು ಇನ್ನೂ ಕೇಳಿಲ್ಲ.