ಬಲಗಡೆಯ ಪೆಂಗ್ವಿನ್

ಮೊನ್ನೆ ಭಾನುವಾರ ಅಕ್ಕ ಹೇಳಿದ ಒಂದು ಮಾತು ಇನ್ನೂ ತಲೆಯಿಂದ ಹೋಗ್ತಿಲ್ಲ.

ಮಳೆ ಹಿಡಿಯುವ ಮೊದಲು ಹೆಂಚು ಕೈಯಾಡಿಸಬೇಕಿತ್ತು. ಅದಕ್ಕೆ ಅಟ್ಟ ಖಾಲಿ ಮಾಡುತ್ತಿದ್ದೆವು. ಅಪ್ಪನ ಟ್ರಂಕಿನ ಹಿಂದೆ ಒಂದು ರಟ್ಟಿನ ಡಬ್ಬ ಸಿಕ್ಕಿತು. ಒಳಗೆ ನಮ್ಮ ಹಳೇ ವೀಡಿಯೋ ಗೇಮ್. ಸಾಗರದಿಂದ ಬಂದಿದ್ದ ಅಕ್ಕ ಏಣಿಯ ಕೆಳಗೆ ನಿಂತಿದ್ದಳು.

"ಅಕ್ಕ, ನಾವಿಬ್ರೂ ಆಡ್ತಿದ್ವಲ್ಲ ಪೆಂಗ್ವಿನ್ ಗೇಮ್, ಸಿಕ್ತು ನೋಡು!"

ಅವಳು ಡಬ್ಬ ಇಸ್ಕೊಂಡು ಸೆರಗಿನಲ್ಲಿ ಧೂಳು ಒರೆಸಿದಳು. "ಇಬ್ರೂ ಎಲ್ಲಿ ಆಡಿದ್ವಿ ಮಾರಾಯ? ಆಡ್ತಿದ್ದದ್ದು ನೀನು. ನಾನು ನೋಡ್ತಿದ್ದೆ."

ಸಿಟ್ಟಿಲ್ಲ, ಕೊಂಕಿಲ್ಲ. ಹಾಲು ಉಕ್ಕಿತು ಅಂತ ಹೇಳಿದಷ್ಟೇ ಸಲೀಸಾಗಿ ಹೇಳಿ ಒಳಗೆ ಹೋದಳು. ನಾನು ಏಣಿಯ ಮೇಲೇ ನಿಂತಿದ್ದೆ.

ಆ ಗೇಮಿನ ಬಗ್ಗೆ ಹೇಳಲೇಬೇಕು. ಟೀವಿ ಗೇಮ್ ಅಂದರೆ ಎಲ್ಲರೂ ಮಾರಿಯೋ ಅಂತಾರೆ, ಕಾಂಟ್ರಾ ಅಂತಾರೆ. ಬೇಸಿಗೆ ರಜೆಗೆ ಬೆಂಗಳೂರಿಂದ ಬರ್ತಿದ್ದ ಚಿಕ್ಕಪ್ಪನ ಮಗನಿಗೂ ಕಾಂಟ್ರಾ ಬಿಟ್ಟು ಬೇರೆ ಬೇಡ. ಗುಂಡು ಹೊಡೆಯೋದೇ ಆಟ ಅಂದುಕೊಂಡಿದ್ದ. ಈಗಲೂ ಅವನದ್ದು ಅದೇ ಸ್ವಭಾವ. ನನಗೆ ಮಾತ್ರ ಬೈನರಿ ಲ್ಯಾಂಡ್ ಮುಂದೆ ಯಾವುದೂ ಇಲ್ಲ. ಹಡ್ಸನ್ ಸಾಫ್ಟ್ ಅನ್ನುವ ಜಪಾನಿನ ಕಂಪನಿ 1985ರಲ್ಲಿ ಫ್ಯಾಮಿಕಾಮ್ ಅನ್ನುವ ಟೀವಿ ಗೇಮ್ ಡಬ್ಬಕ್ಕೆ ತಂದ ಗೇಮ್ ಅದು. ನಿಂಟೆಂಡೋದವರ ಆ ಫ್ಯಾಮಿಕಾಮ್ ಜಪಾನಿನಲ್ಲಿ ಬಂದದ್ದು 1983ರಲ್ಲಿ. ನಮ್ಮೂರುಗಳಿಗೆ ಬಂದದ್ದೆಲ್ಲ ಅದರ ನಕಲು ಡಬ್ಬಗಳು, ಜೊತೆಗೆ 9999 ಗೇಮ್ ಅಂತ ಬರೆದ ಕ್ಯಾಸೆಟ್ಟುಗಳು. ಒಳಗಿದ್ದದ್ದು ಬೆರಳೆಣಿಕೆಯ ಗೇಮ್‌ಗಳೇ, ಮತ್ತೆ ಮತ್ತೆ ಬರ್ತಿದ್ದವು. ಆದರೂ ಅಂಥದ್ದೊಂದು ಕ್ಯಾಸೆಟ್ಟಿನಲ್ಲಿ ಕೂತು ಈ ಪೆಂಗ್ವಿನ್‌ಗಳು ಶಿವಮೊಗ್ಗದ ಗಾಂಧಿ ಬಜಾರಿಗೆ ಬಂದು, ಅಪ್ಪನ ಚೀಲದಲ್ಲಿ ತೀರ್ಥಹಳ್ಳಿ ಬಸ್ಸು ಹತ್ತಿ ನಮ್ಮನೆ ಜಗಲಿಗೆ ಬಂದವಲ್ಲ. ಅದನ್ನು ನೆನೆಸಿಕೊಂಡರೆ ಈಗಲೂ ಖುಷಿಯಾಗುತ್ತದೆ.

ಪರದೆಯ ನಡುವೆ ಒಂದು ಗೋಡೆ. ಈ ಕಡೆ ಒಂದು ಪೆಂಗ್ವಿನ್, ಆ ಕಡೆ ಇನ್ನೊಂದು. ಗುರಿನ್, ಮಾಲೋನ್ ಅಂತ ಹೆಸರು. ಮೇಲ್ಗಡೆ ಒಂದು ಹೃದಯ. ಎರಡೂ ಒಟ್ಟಿಗೆ ಅಲ್ಲಿಗೆ ಸೇರಬೇಕು. ಡಬ್ಬದ ಜೊತೆ ರಿಮೋಟು ಎರಡಿದ್ದರೂ ಈ ಗೇಮಿಗೆ ಒಂದೇ ಸಾಕು, ಎರಡು ಪೆಂಗ್ವಿನ್ನೂ ಅದಕ್ಕೇ ಕುಣಿಯೋದು. ಒಂದು ಎಡಕ್ಕೆ ಹೋದರೆ ಇನ್ನೊಂದು ಬಲಕ್ಕೆ, ಕನ್ನಡಿಯಲ್ಲಿ ಕಂಡ ಹಾಗೆ. ಎರಡು ಕಡೆಯ ದಾರಿ ಮಾತ್ರ ಒಂದೇ ಥರ ಇರಲ್ಲ. ಒಂದು ಮುಂದೆ ಹೋಗಿಬಿಟ್ಟರೆ ಉಪಯೋಗವಿಲ್ಲ. ಅದನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಹಿಂದೆ ಉಳಿದದ್ದನ್ನು ಕರ್ಕೊಂಡು ಬರಬೇಕು. ನಡುವೆ ಜೇಡ, ಜೇಡರ ಬಲೆ. ಒಂದು ಬಲೆಗೆ ಸಿಕ್ಕಿದರೆ ಇನ್ನೊಂದೇ ಬಂದು ಬಿಡಿಸಬೇಕು. ಇಷ್ಟು ಚಂದದ ಯೋಚನೆ ಇರುವ ಗೇಮನ್ನು ಜನ ಮರೆತೇಬಿಟ್ಟರು.

ಎರಡು ಕಣ್ಣಿಗೆ ಎರಡು ಪೆಂಗ್ವಿನ್ ನೋಡಿಕೊಳ್ಳೋದು ಕಷ್ಟ. ಎಡಗಡೆಯದನ್ನು ನಾನು ನೋಡ್ತಿದ್ದೆ. ಬಲಗಡೆಯದು ಅಕ್ಕನದು. "ಬಲೆ, ಬಲೆ... ನಿಲ್ಲು... ಈಗ ಮೇಲೆ!" ಅವಳು ಹೇಳದೆ ನಾನು ಒಂದು ಹೆಜ್ಜೆಯೂ ಇಡ್ತಿರಲಿಲ್ಲ. ಅದಕ್ಕೇ ನನ್ನ ನೆನಪಿನಲ್ಲಿ ಅದು ಇಬ್ಬರೂ ಆಡಿದ ಆಟ.

ಆಡಿದ್ದು ನೀನು. ನಾನು ನೋಡ್ತಿದ್ದೆ.

ರಾತ್ರಿ ಊಟವಾದ ಮೇಲೆ ಕೇಳಿದೆ, "ಯಾಕಕ್ಕ, ನೀನು ರಿಮೋಟ್ ಹಿಡೀಲೇ ಇಲ್ವಾ?"

"ಕೈಯಲ್ಲಿ ಅಡಿಕೆ ಕರೆ ಇರ್ತಿತ್ತಲ್ಲ. ಮುಟ್ಬೇಡ, ಹತ್ತುತ್ತೆ ಅಂತ ನೀನೇ ಹೇಳ್ತಿದ್ದೆ."

ಆಗ ಪೂರ್ತಿ ಚಿತ್ರ ಕಣ್ಣಮುಂದೆ ಬಂತು. 1997ರ ದೀಪಾವಳಿ ಕಳೆದ ಮೇಲಿನ ರಾತ್ರಿಗಳು. ಜಗಲಿ ತುಂಬ ಹಸಿ ಅಡಿಕೆ ರಾಶಿ. ಅಮ್ಮ, ಅಕ್ಕ, ಸುಲಿಯೋಕೆ ಬಂದ ನಾಲ್ಕು ಹೆಂಗಸರು ಸಾಲಾಗಿ ಮೆಟ್ಟುಗತ್ತಿಯ ಮುಂದೆ. ಮೂಲೆಯಲ್ಲಿ ಟೀವಿ, ಅದರ ಮುಂದೆ ಹತ್ತು ವರ್ಷದ ನಾನು. ಅಕ್ಕನಿಗೆ ಹದಿಮೂರು. ಅವಳು ಬಲಗಡೆಯ ಪೆಂಗ್ವಿನ್ ನೋಡ್ತಿದ್ದದ್ದು ನನ್ನ ಪಕ್ಕ ಕೂತಲ್ಲ. ಕತ್ತಿಯ ಮುಂದಿನಿಂದ ತಲೆಯೆತ್ತಿ ನೋಡ್ತಿದ್ದಳು. ಕೈ ಅಡಿಕೆಯಲ್ಲಿ, ಕಣ್ಣು ನನ್ನ ಆಟದಲ್ಲಿ. ಆ ಹೊತ್ತಲ್ಲಿ ಒಂದು ಅಡಿಕೆಯನ್ನೂ ನಾನು ಸುಲಿಯಲಿಲ್ಲ. ಸುಲಿ ಅಂತ ಯಾರೂ ಹೇಳಲೂ ಇಲ್ಲ.

ಅಮ್ಮನಿಗೆ ಹೇಳಿದರೆ "ಅವಳಿಗೆ ಆಟದ ಮೇಲೆ ಮನಸ್ಸಿರಲಿಲ್ಲ ಬಿಡು" ಅಂದರು. ಅಮ್ಮನ ಮೇಲೆ ನನಗೆ ಎಷ್ಟು ಪ್ರೀತಿಯಿದ್ದರೂ ಈ ಮಾತು ಒಪ್ಪಲ್ಲ. ಮನಸ್ಸಿಲ್ಲದವಳು ಬಲೆ ಎಲ್ಲಿದೆ ಅಂತ ಹೇಳ್ತಿದ್ದಳಾ? ಅಪ್ಪ ಒಳ್ಳೆಯವರು, ಪೇಟೆಯಿಂದ ಗೇಮ್ ತಂದು "ಮಕ್ಕಳಿಗೆ" ಅಂತಲೇ ಕೊಟ್ಟರು. ಮಕ್ಕಳು ಅಂದರೆ ಯಾರು ಅಂತ ಮನೆಯಲ್ಲಿ ಯಾರೂ ಯೋಚಿಸಲಿಲ್ಲ. ಈ ವಾರ ನಾಲ್ಕು ಗೆಳೆಯರಿಗೆ ಫೋನ್ ಮಾಡಿ ಕೇಳಿದೆ, ನಿಮ್ಮನೆಯಲ್ಲಿ ಗೇಮ್ ಇತ್ತಲ್ಲ, ತಂಗಿ ಆಡ್ತಿದ್ಲಾ ಅಂತ. ಮೂರು ಜನ ಸ್ವಲ್ಪ ಹೊತ್ತು ಸುಮ್ಮನಾದರು. ನಾವು ಗಂಡಸರು ಸೇರಿದಾಗೆಲ್ಲ "ನಮ್ಮ ಬಾಲ್ಯದಲ್ಲಿ" ಅಂತ ಶುರು ಮಾಡ್ತೀವಲ್ಲ, ಆ "ನಮ್ಮ" ಯಾರದು?

ಮಾರನೇ ದಿನ ಬೆಳಿಗ್ಗೆ ರಿಮೋಟುಗಳನ್ನು ತೊಡೆ ಮೇಲೆ ಇಟ್ಟುಕೊಂಡು ನೋಡಿದೆ. ಒಂದನೆಯದರ ಬಾಣದ ಗುರುತು ಸವೆದು ನುಣ್ಣಗಾಗಿದೆ. ಎರಡನೆಯದರ ಕೆಂಪು ಗುಂಡಿಗಳು ಇನ್ನೂ ಹೊಸದರ ಹಾಗಿವೆ, ಒತ್ತಿದರೆ ಬಿಗಿ. ಎರಡರ ಮೇಲೂ ಎಲ್ಲಿಯೂ ಕರೆಯ ಗುರುತಿಲ್ಲ.

ಮಗಳ ಕೀಬೋರ್ಡಿನ 9 ವೋಲ್ಟ್ ಅಡಾಪ್ಟರ್ ಸರಿಯಾಯಿತು. ಆಗೆಲ್ಲ ಕ್ಯಾಸೆಟ್ಟಿಗೆ ಬಾಯಿಂದ ಊದ್ತಿದ್ವಿ. ಊದಿದ್ದರಿಂದ ಏನೂ ಆಗ್ತಿರಲಿಲ್ಲ. ತೆಗೆದು ಮತ್ತೆ ಹಾಕಿದಾಗ ಪಿನ್ನು ಸರಿಯಾಗಿ ಕೂರೋದೇ ಕಾರಣ, ಬಾಯಿಯ ತೇವಕ್ಕೆ ತುಕ್ಕು ಹಿಡಿಯೋದು ಬೇರೆ. ಈ ಸಲ ಪಿನ್ನುಗಳನ್ನು ಬರೆಯುವ ರಬ್ಬರಿನಿಂದ ಉಜ್ಜಿದೆ. ಮೂರನೇ ಸಲಕ್ಕೆ ಪರದೆ ಬಂತು.

ಸವೆದ ರಿಮೋಟನ್ನು ಅಕ್ಕನ ಕೈಗೆ ಕೊಟ್ಟೆ. ಹೊಸ ಮಗು ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದಳು. "ಬಲಗಡೆದು ನೀನು ನೋಡ್ಕೊ" ಅಂದಳು.

ನೋಡಿದೆ. ನಾನು "ಬಲೆ" ಅನ್ನುವಷ್ಟರಲ್ಲಿ ಪೆಂಗ್ವಿನ್ ಬಲೆಯಲ್ಲಿತ್ತು. "ಜೇಡ" ಅನ್ನುವಷ್ಟರಲ್ಲಿ ಸತ್ತಿತ್ತು. ಹೇಳೋದು ಎಷ್ಟು ಕಷ್ಟದ ಕೆಲಸ ಅಂತ ಗೊತ್ತಾಯಿತು. ಒಂದು ಹೆಜ್ಜೆ ಮುಂಚೆಯೇ ಕಾಣಬೇಕು. ಅವಳು ಕತ್ತಿಯ ಮುಂದೆ ಕೂತು ಅದನ್ನು ಮಾಡ್ತಿದ್ದಳು.

ಮಧ್ಯಾಹ್ನದ ಬಸ್ಸಿಗೆ ಹೊರಟವಳು ಎರಡು ಗಂಟೆಯದು ಬಿಟ್ಟು ನಾಲ್ಕು ಗಂಟೆಯದು ಹತ್ತಿದಳು. ಹತ್ತುವಾಗ ತಿರುಗಿ ಒಂದೇ ಮಾತು ಹೇಳಿದಳು, "ಅದನ್ನ ಮತ್ತೆ ಅಟ್ಟಕ್ಕೆ ಹಾಕ್ಬೇಡ."

ಹಾಕಿಲ್ಲ. ಟೀವಿ ಪಕ್ಕದಲ್ಲೇ ಇದೆ. ಮಳೆಗಾಲದ ತೇವ ಹಿಡಿಯದ ಹಾಗೆ ಬಟ್ಟೆ ಸುತ್ತಿಟ್ಟಿದ್ದೇನೆ.