ರಿಪ್ಯಾಕ್ ಇಳಿಜಾರಿನಲ್ಲಿ ಒಂದು ಬೆಳಗ್ಗೆ

ಕ್ಯಾಲಿಫೋರ್ನಿಯಾದಲ್ಲಿ ಹತ್ತು ದಿನ ಇದ್ದೆ. ಬರೆಯಬೇಕು ಅನಿಸಿದ್ದು ಒಂದು ಬೆಳಗಿನ ಬಗ್ಗೆ ಮಾತ್ರ. ಅದರಲ್ಲೂ ಸುಮಾರು ಎರಡು ಮೈಲಿಯ ಮಣ್ಣುದಾರಿಯ ಬಗ್ಗೆ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಿದೆ, ಗೋಲ್ಡನ್ ಗೇಟ್ ಸೇತುವೆಯ ಮೇಲೆ ಸೈಕಲ್ ತುಳಿದೆ, ಸಮುದ್ರ ನೋಡಿದೆ. ಎಲ್ಲ ಚೆನ್ನಾಗಿತ್ತು. ಆದರೆ ಮನೆಗೆ ಬಂದು ತಿಂಗಳಾದ ಮೇಲೂ ಕಣ್ಣು ಮುಚ್ಚಿದರೆ ಬರುವುದು ಫೇರ್‌ಫ್ಯಾಕ್ಸ್ ಊರಿನ ಮೇಲಿರುವ ಆ ಇಳಿಜಾರು.

ಮೌಂಟನ್ ಬೈಕ್ ಹುಚ್ಚಿರುವವರಿಗೆ ರಿಪ್ಯಾಕ್ ಹೆಸರು ಗೊತ್ತಿರುತ್ತದೆ. ಮರಿನ್ ಕೌಂಟಿಯಲ್ಲಿ ಪೈನ್ ಮೌಂಟನ್ ಕಡೆಯಿಂದ ಕ್ಯಾಸ್ಕೇಡ್ ಕಣಿವೆಗೆ ಇಳಿಯುವ ಫೈರ್ ರೋಡ್ ಅದು. ಕಾಡಿಗೆ ಬೆಂಕಿ ಬಿದ್ದರೆ ಗಾಡಿಗಳು ಹೋಗಲಿ ಅಂತ ಕಡಿದ ದಾರಿ. ಅಷ್ಟು ಸಣ್ಣ ದೂರದಲ್ಲಿ ಸುಮಾರು 1300 ಅಡಿ ಕೆಳಗೆ ಬರುತ್ತದೆ. 1976ರ ಅಕ್ಟೋಬರ್ 21ರಂದು ಇಲ್ಲಿ ಮೊದಲ ರೇಸ್ ನಡೆಯಿತು. ಚಾರ್ಲಿ ಕೆಲ್ಲಿ ಮತ್ತು ಗೆಳೆಯರು ಹಳೆಯ ಶ್ವಿನ್ ಸೈಕಲ್‌ಗಳನ್ನು ಹುಡುಕಿ ತಂದು, ದಪ್ಪ ಟಯರ್ ಹಾಕಿಕೊಂಡು ಒಬ್ಬೊಬ್ಬರಾಗಿ ಇಳಿದರು, ಪ್ರತಿಯೊಬ್ಬರ ಸಮಯವನ್ನೂ ಗಡಿಯಾರದಲ್ಲಿ ಅಳೆದರು. ಆಗ ಅದಕ್ಕೆ ಮೌಂಟನ್ ಬೈಕ್ ಅನ್ನುವ ಹೆಸರೂ ಇರಲಿಲ್ಲ. ಕ್ಲಂಕರ್ ಅನ್ನುತ್ತಿದ್ದರು.

ಈ ದಾರಿಯಲ್ಲಿ ನನ್ನದೇ ಸೈಕಲ್ ಓಡಿಸಬೇಕು ಅನ್ನುವ ಆಸೆ. ಬಾಡಿಗೆ ಸೈಕಲ್ ಬೇಡ ಅಂತ ಹಟ ಹಿಡಿದು, ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ ವಿಮಾನದಲ್ಲಿ ತಂದೆ. ಅಲ್ಲೇ ಒಂದು ತಪ್ಪು ಮಾಡಿದೆ. ಇವತ್ತಿಗೂ ಅದು ನನ್ನನ್ನು ಕೊರೆಯುತ್ತದೆ.

ಚಕ್ರ ಬಿಚ್ಚಿದಾಗ ಡಿಸ್ಕ್ ಬ್ರೇಕಿನ ಎರಡು ಪ್ಯಾಡ್‌ಗಳ ನಡುವೆ ಏನನ್ನೂ ಇಡಲಿಲ್ಲ. ದಾರಿಯಲ್ಲಿ ಎಲ್ಲೋ ಪೆಟ್ಟಿಗೆಯ ಮೇಲೆ ಭಾರ ಬಿದ್ದು ಬ್ರೇಕ್ ಲಿವರ್ ಒತ್ತಿಕೊಂಡಿದೆ. ಒಂದು ಸಲವಲ್ಲ, ಬಹಳ ಸಲ. ರೋಟರ್, ಅಂದರೆ ಚಕ್ರದ ಜೊತೆ ತಿರುಗುವ ಲೋಹದ ತಟ್ಟೆ, ನಡುವೆ ಇಲ್ಲದೆ ಲಿವರ್ ಒತ್ತಿದರೆ ಪ್ಯಾಡನ್ನು ತಳ್ಳುವ ಪಿಸ್ಟನ್ ಮುಂದೆ ಬರುತ್ತಲೇ ಇರುತ್ತದೆ. ಪೆಟ್ಟಿಗೆ ತೆರೆದಾಗ ಹಿಂದಿನ ಪ್ಯಾಡ್‌ಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಸಿಟ್ಟಿನಲ್ಲಿ ಸ್ಕ್ರೂಡ್ರೈವರ್ ತೂರಿಸಿ ಎಬ್ಬಿಸಿದೆ. ಪ್ಯಾಡಿನ ಅಂಚು ಚಕ್ಕೆ ಎದ್ದು ಬಂತು. ಆ ದಿನ ಪೂರ್ತಿ ಹಾಳು.

ದಯವಿಟ್ಟು ನೀವು ಹೀಗೆ ಮಾಡಬೇಡಿ. ಹೊಸ ಬ್ರೇಕಿನ ಜೊತೆ ಪ್ಯಾಡ್‌ಗಳ ನಡುವೆ ಇಡುವ ಒಂದು ಪ್ಲಾಸ್ಟಿಕ್ ತುಂಡು ಬರುತ್ತದೆ, ಅದನ್ನು ಎಸೆಯಬೇಡಿ. ಕಳೆದುಹೋಗಿದ್ದರೆ ರಟ್ಟು ಮಡಚಿ ಪ್ಯಾಡ್‌ಗಳ ನಡುವೆ ಸಿಕ್ಕಿಸಿ. ಲಿವರ್ ಕಡೆಗೆ ಏನೂ ಒತ್ತದ ಹಾಗೆ ಹ್ಯಾಂಡಲ್ ತಿರುಗಿಸಿ ಕಟ್ಟಿ. ರೋಟರ್ ಬಿಚ್ಚಿ ಬೇರೆ ಇಡಿ, ಇಲ್ಲದಿದ್ದರೆ ಬಾಗುತ್ತದೆ. ಇಷ್ಟಾದರೂ ಪಿಸ್ಟನ್ ಹೊರಬಂದರೆ ಟಯರ್ ಬಿಚ್ಚುವ ಪ್ಲಾಸ್ಟಿಕ್ ಲಿವರಿನಿಂದ ಮೆಲ್ಲಗೆ ಹಿಂದೆ ತಳ್ಳಿ. ಕಬ್ಬಿಣ ಬೇಡ.

ನಾನು ಉಳಿದುಕೊಂಡಿದ್ದ ಗೆಳೆಯನ ಹತ್ತಿರ ಅದೇ ಅಳತೆಯ ಒಂದು ಜೊತೆ ಮೆಟಲ್ ಪ್ಯಾಡ್ ಇದ್ದದ್ದು ಪುಣ್ಯ. ಹೊಸ ಪ್ಯಾಡ್ ಹಾಕಿದ ತಕ್ಷಣ ಅದು ಹಿಡಿಯುವುದಿಲ್ಲ. ಸ್ವಲ್ಪ ವೇಗ ಪಡೆದು, ಪೂರ್ತಿ ನಿಲ್ಲುವ ಮುಂಚೆ ಬ್ರೇಕ್ ಬಿಡಬೇಕು. ಹೀಗೆ ಹದಿನೈದು ಇಪ್ಪತ್ತು ಸಲ. ಆಗ ಪ್ಯಾಡಿನ ತೆಳುವಾದ ಪದರ ರೋಟರಿಗೆ ಸಮನಾಗಿ ಹತ್ತುತ್ತದೆ, ಹಿಡಿತ ಬರುತ್ತದೆ. ಸಂಜೆ ಮನೆ ಮುಂದಿನ ರಸ್ತೆಯಲ್ಲಿ ಅದನ್ನೇ ಮಾಡಿದೆ. "ಸಾಕು ಬಾರೋ, ಕತ್ತಲಾಯ್ತು" ಅಂತ ಗೆಳೆಯ ಎರಡು ಸಲ ಕರೆದ.

ಮಾರನೆಯ ದಿನ ಫೇರ್‌ಫ್ಯಾಕ್ಸ್‌ನ ಸೈಕಲ್ ಮ್ಯೂಸಿಯಂ ನೋಡಿದೆವು. ಮೌಂಟನ್ ಬೈಕ್ ಹಾಲ್ ಆಫ್ ಫೇಮ್ ಕೂಡ ಅಲ್ಲೇ ಇದೆ. ಒಳ್ಳೆಯ ಜಾಗ. ಆದರೆ ನನ್ನ ಕಾಲು ಆಗಲೇ ಬೆಟ್ಟದ ಕಡೆ ಎಳೆಯುತ್ತಿತ್ತು.

ಅದರ ಮರುದಿನ ಬೆಳಗ್ಗೆ ಬೆಟ್ಟಕ್ಕೆ ಹೊರಟಾಗ ಇನ್ನೂ ಮಂಜು ಇತ್ತು. ಬೊಲಿನಾಸ್ ರಸ್ತೆಯಲ್ಲಿ ಏರುತ್ತಾ ಹೋದೆವು. ಗೆಳೆಯನಿಗೆ ಕೆಲಸ ಇತ್ತು, ಗೇಟಿನವರೆಗೆ ಬಂದು ವಾಪಸ್ ಹೋದ. ಅಲ್ಲಿಂದ ಮಣ್ಣುದಾರಿ. ಕಲ್ಲು, ಸಡಿಲ ಜಲ್ಲಿ, ಹಸಿರು ಛಾಯೆಯ ಸರ್ಪೆಂಟೈನ್ ಬಂಡೆ, ಕೆಂಪು ತೊಗಟೆಯ ಮ್ಯಾಂಜನಿಟ ಪೊದೆ. ಮಂಜು ಕೆಳಗೆ ಉಳಿದು ಮೌಂಟ್ ಟ್ಯಾಮಲ್ಪಾಯಸ್ ತಲೆ ಎತ್ತಿತು. ಏರಿನ ಬಗ್ಗೆ ಹೇಳುವುದು ಅಷ್ಟೇ. ನಾನು ಏರಲು ಸೈಕಲ್ ತುಳಿಯುವವನಲ್ಲ, ಇಳಿಯುವುದಕ್ಕಾಗಿ ಏರುವವನು.

ರಿಪ್ಯಾಕ್ ಶುರುವಾಗುವ ಜಾಗದಲ್ಲಿ ಒಬ್ಬರು ಕೂತಿದ್ದರು. ಅರವತ್ತು ದಾಟಿರಬೇಕು. ಪಕ್ಕದಲ್ಲಿ ಬಣ್ಣ ಮಾಸಿದ ಸ್ಟೀಲ್ ಸೈಕಲ್. ಮುಂದೆ ಸಸ್ಪೆನ್ಷನ್ ಇಲ್ಲ, ಹಿಂದೆಯೂ ಇಲ್ಲ. ಆದರೆ ಟಯರ್ ಹೊಸದು, ಒಳ್ಳೆಯ ಹಿಡಿತದ್ದು. ಚೈನ್ ಒರೆಸಿ ಎಣ್ಣೆ ಬಿಟ್ಟ ಹಾಗಿತ್ತು. ನೋಡಿದ ಕೂಡಲೇ ಗೌರವ ಬಂತು. ಹಳೆಯ ಸೈಕಲನ್ನು ಚೆನ್ನಾಗಿ ಇಟ್ಟುಕೊಂಡವರನ್ನು ಕಂಡರೆ ನನಗೆ ಯಾವಾಗಲೂ ಹಾಗೆಯೇ.

ಮಾತು ಶುರುವಾಯಿತು. ಹುಡುಗನಾಗಿದ್ದಾಗ ಈ ರೇಸ್‌ಗಳನ್ನು ತಿರುವಿನಲ್ಲಿ ನಿಂತು ನೋಡುತ್ತಿದ್ದರಂತೆ. ನನ್ನ ಸೈಕಲ್ ಸುತ್ತ ಒಂದು ಸುತ್ತು ಬಂದರು.

"ಏನೇನು ಬದಲಾಯಿಸಿದ್ದೀರಿ?" ಅಂತ ಕೇಳಿದರು.

ನನಗೆ ಖುಷಿಯಾಯಿತು. ಈ ಪ್ರಶ್ನೆಗೆ ನಾನು ಯಾವತ್ತೂ ರೆಡಿ. ಮುಂದಿನ ಸಸ್ಪೆನ್ಷನ್ ಫೋರ್ಕ್ 150 ಮಿಲಿಮೀಟರ್ ಕುಗ್ಗುವಂಥದ್ದು ಹಾಕಿದ್ದೇನೆ ಅಂದೆ. ಕಾರ್ಬನ್ ಹ್ಯಾಂಡಲ್, ಹಗುರ ಚಕ್ರ, ಹನ್ನೆರಡು ಹಲ್ಲುಚಕ್ರದ ಕ್ಯಾಸೆಟ್, ಓಡಿಸುತ್ತಲೇ ಸೀಟ್ ಇಳಿಸಬಹುದಾದ ಡ್ರಾಪರ್ ಸೀಟ್‌ಪೋಸ್ಟ್. ಎಲ್ಲ ಕೇಳಿಸಿಕೊಂಡರು.

"ಹಳೆಯ ಫೋರ್ಕಿಗೆ ಏನಾಗಿತ್ತು?"

"ಏನೂ ಆಗಿರಲಿಲ್ಲ."

"ಹ್ಯಾಂಡಲಿಗೆ?"

"ಅದಕ್ಕೂ ಏನೂ ಆಗಿರಲಿಲ್ಲ. ಇದು ಹಗುರ, ಅದಕ್ಕೆ."

ಅವರು ನಗಲಿಲ್ಲ, ಟೀಕೆಯನ್ನೂ ಮಾಡಲಿಲ್ಲ. ನನ್ನ ಹಿಂದಿನ ಚಕ್ರದ ನಡುವಿನ ಹಬ್ ಮೇಲೆ ಕೈ ಇಟ್ಟರು. "ಆ ಮೊದಲ ರೇಸಿನವರದ್ದೆಲ್ಲ ಇಲ್ಲಿಂದ ಶುರುವಾಯಿತು" ಅಂದರು.

ಮುಂದಿನ ಅರ್ಧ ಗಂಟೆ ಅವರು ಹೇಳಿದ್ದನ್ನು ನನಗೆ ನೆನಪಿದ್ದಷ್ಟು ಬರೆಯುತ್ತೇನೆ. ಆ ಹಳೆಯ ಸೈಕಲ್‌ಗಳಿಗೆ ಇದ್ದದ್ದು ಹಿಂದಿನ ಚಕ್ರದ ಕೋಸ್ಟರ್ ಬ್ರೇಕ್. ಪೆಡಲನ್ನು ಹಿಂದಕ್ಕೆ ಒತ್ತಿದರೆ ಹಬ್ಬಿನ ಒಳಗೆ ಲೋಹದ ತುಂಡುಗಳು ಅಗಲವಾಗಿ ಹಬ್ಬಿನ ಗೋಡೆಗೆ ಉಜ್ಜುತ್ತವೆ. ಒಳಗೆಲ್ಲ ಗ್ರೀಸ್. ಊರಿನ ಬೀದಿಯಲ್ಲಿ ಓಡಿಸಲು ಅದು ಸಾಕು. ಈ ಇಳಿಜಾರಿನಲ್ಲಿ ಮೇಲಿನಿಂದ ಕೆಳಗಿನವರೆಗೆ ಬ್ರೇಕ್ ಒತ್ತಿಯೇ ಇರಬೇಕು. ಹಬ್ ಕಾದು ಗ್ರೀಸ್ ಕರಗಿ ಹೊಗೆಯಾಗಿ ಹೋಗುತ್ತಿತ್ತು. ಒಂದು ಸಲ ಇಳಿದರೆ ಹಬ್ ಬಿಚ್ಚಬೇಕು, ತೊಳೆಯಬೇಕು, ಹೊಸ ಗ್ರೀಸ್ ತುಂಬಬೇಕು. ಮತ್ತೆ ತುಂಬುವುದು, ಅಂದರೆ ರಿಪ್ಯಾಕ್. ದಾರಿಗೆ ಅದೇ ಹೆಸರಾಯಿತು.

ಇದನ್ನು ನಾನು ಎಷ್ಟೋ ಕಡೆ ಓದಿದ್ದೆ. ಆದರೆ ಅವರು ಎರಡು ಕೈಯನ್ನು ಬಟ್ಟಲಿನ ಹಾಗೆ ಹಿಡಿದು, ಹಬ್ ಒಳಗೆ ಏನಾಗುತ್ತದೆ ಅಂತ ಬೆರಳು ಅಗಲಿಸಿ ತೋರಿಸಿದರು. ಆಗ ನಿಜವಾಗಿ ಅರ್ಥವಾಯಿತು.

"ಆಮೇಲೆ ಡ್ರಮ್ ಬ್ರೇಕ್ ಹಾಕಿದರು. ಸೈಕಲ್ ಲಿವರಿನಿಂದ ಅದನ್ನು ಎಳೆಯಲು ಆಗುತ್ತಿರಲಿಲ್ಲ, ಬೆರಳು ಸೋಲುತ್ತಿತ್ತು. ಅದಕ್ಕೆ ಮೋಟರ್‌ಸೈಕಲ್ ಲಿವರ್ ತಂದರು. ಬ್ರೇಕ್ ಚೆನ್ನಾಗಿ ಹಿಡಿದ ಮೇಲೆ ವೇಗ ಜಾಸ್ತಿಯಾಯಿತು. ಆಗ ಫ್ರೇಮ್ ಬಿರುಕು ಬಿಡಲು ಶುರುವಾಯಿತು. ಅದಕ್ಕೆ ಹೊಸ ಫ್ರೇಮ್."

ಆ ಹೊಸ ಫ್ರೇಮ್ ಮಾಡಿದವರು ಜೋ ಬ್ರೀಜ್. 1977ರಲ್ಲಿ ಕ್ರೋಮೋಲಿ ಅನ್ನುವ ಗಟ್ಟಿ ಮಿಶ್ರಲೋಹದ ಸ್ಟೀಲಿನಲ್ಲಿ, ಬೆಟ್ಟದಲ್ಲಿ ಓಡಿಸಲೆಂದೇ ಹೊಸದಾಗಿ ಬೆಸೆದು ಮಾಡಿದ್ದು. ಬ್ರೀಜರ್ ಅನ್ನುವ ಆ ಮೊದಲ ಸೈಕಲ್ ಈಗ ಅಮೆರಿಕದ ಸ್ಮಿತ್ಸೋನಿಯನ್ ಮ್ಯೂಸಿಯಂ ಸಂಗ್ರಹದಲ್ಲಿದೆ. 1979ರಲ್ಲಿ ಗ್ಯಾರಿ ಫಿಶರ್ ಮತ್ತು ಕೆಲ್ಲಿ ಸೇರಿ, ಟಾಮ್ ರಿಚ್ಚಿ ಮಾಡಿದ ಫ್ರೇಮ್‌ಗಳಿಂದ ಸೈಕಲ್ ಮಾರಲು ತೊಡಗಿದರು. ಅವರ ಕಂಪನಿಯ ಹೆಸರೇ ಮೌಂಟನ್‌ಬೈಕ್ಸ್. ಇವು ನನಗೆ ಗೊತ್ತಿದ್ದ ವಿಷಯಗಳು. ಆದರೆ ಇವೆಲ್ಲವನ್ನೂ ಒಂದು ದಾರದಲ್ಲಿ ಪೋಣಿಸಿದವರು ನನ್ನ ಮುಂದೆ ಕೂತಿದ್ದ ಆ ಹಿರಿಯರು. ಪ್ರತಿಯೊಂದು ಭಾಗವೂ ಇದೇ ದಾರಿಯಲ್ಲಿ ಏನೋ ಮುರಿದದ್ದಕ್ಕೆ, ಸುಟ್ಟದ್ದಕ್ಕೆ ಬಂದದ್ದು. ಮೊದಲು ತೊಂದರೆ, ಆಮೇಲೆ ಭಾಗ. ನಾನು ಭಾಗವನ್ನು ಮೊದಲು ತಂದು, ತೊಂದರೆಯನ್ನು ಆಮೇಲೆ ಹುಡುಕುತ್ತಿದ್ದೆ.

"ಈ ಸೈಕಲಿನಲ್ಲಿ ನಿಮಗೆ ಏನು ತೊಂದರೆ?" ಅಂತ ಕೇಳಿದರು.

ಯೋಚಿಸಿ ಹೇಳಿದೆ. ಉದ್ದನೆಯ ಇಳಿಜಾರಿನಲ್ಲಿ ಮುಂಗೈ ಬಿಗಿಯುತ್ತದೆ, ಬೆರಳು ಮರಗಟ್ಟುತ್ತದೆ. ಹೊಸ ಫೋರ್ಕ್ ಹಾಕಿದರೆ ಸರಿಹೋಗುತ್ತದೆ ಅಂದುಕೊಂಡಿದ್ದೆ, ಹೋಗಲಿಲ್ಲ.

"ಹ್ಯಾಂಡಲ್ ಹಿಡಿಯಿರಿ, ನೋಡೋಣ."

ಹಿಡಿದೆ. ನನ್ನ ತೋರುಬೆರಳು ಲಿವರಿನ ನಡುವೆ ಕೂರುತ್ತಿತ್ತು. ಅಲೆನ್ ಕೀ ಕೇಳಿದರು, ಕೊಟ್ಟೆ. ಎರಡೂ ಲಿವರಿನ ಕ್ಲ್ಯಾಂಪ್ ಸಡಿಲಿಸಿ ಒಳಗಡೆಗೆ, ಅಂದರೆ ಹ್ಯಾಂಡಲಿನ ಮಧ್ಯದ ಕಡೆಗೆ ಸರಿಸಿದರು. ಹೆಚ್ಚೇನಲ್ಲ, ಎರಡು ಬೆರಳಿನ ಅಗಲ. ಈಗ ಒಂದೇ ಬೆರಳು ಲಿವರಿನ ತುದಿಯ ಕೊಂಡಿಗೆ ಸರಿಯಾಗಿ ಬಂತು. ತುದಿಯಲ್ಲಿ ಎಳೆದರೆ ಸನ್ನೆಕೋಲಿನ ಬಲ ಜಾಸ್ತಿ, ಅಲ್ವಾ? ಉಳಿದ ಮೂರು ಬೆರಳು ಹ್ಯಾಂಡಲ್ ಹಿಡಿಯಲು ಸಿಗುತ್ತವೆ. ಆಮೇಲೆ ಲಿವರನ್ನು ಸ್ವಲ್ಪ ಮೇಲಕ್ಕೆ ತಿರುಗಿಸಿದರು. ಮಣಿಕಟ್ಟು ಬಾಗದೆ ನೇರವಾಯಿತು. ಹಿಂದಿನ ಟಯರ್ ಒತ್ತಿ ನೋಡಿ ಗಾಳಿ ಸ್ವಲ್ಪ ಬಿಟ್ಟರು. ನನ್ನ ಗೇಜಿನಲ್ಲಿ ನೋಡಿದಾಗ 30ರಿಂದ 25 ಪಿಎಸ್‌ಐಗೆ ಇಳಿದಿತ್ತು. ನನ್ನದು ಟ್ಯೂಬ್‌ಲೆಸ್, ನನ್ನ ತೂಕಕ್ಕೆ ಅಷ್ಟು ಸಾಕು.

ಐದು ನಿಮಿಷದ ಕೆಲಸ. ಇಷ್ಟು ವರ್ಷ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

"ಬ್ರೇಕ್ ಎಳೆದುಕೊಂಡೇ ಇಳಿಯಬೇಡಿ. ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿಯಿರಿ, ಬಿಡಿ. ಬಿಟ್ಟಾಗ ತಣ್ಣಗಾಗುತ್ತದೆ. ಅವರಿಗೆ ಬಿಡುವ ಹಾಗಿರಲಿಲ್ಲ, ನಿಮಗೆ ಇದೆ" ಅಂದರು. ಇಲ್ಲಿ ವೇಗದ ಮಿತಿ ಗಂಟೆಗೆ 15 ಮೈಲಿ ಅಂತಲೂ ನೆನಪಿಸಿದರು. ಜನ ನಡೆಯುತ್ತಾರೆ, ಕುದುರೆ ಬರುತ್ತವೆ. ಆ ಮಿತಿ ಸರಿ ಅಂತಲೇ ನನ್ನ ಅಭಿಪ್ರಾಯ. ಗ್ಯಾರಿ ಫಿಶರ್ ಇಲ್ಲಿ 4 ನಿಮಿಷ 22 ಸೆಕೆಂಡಿನಲ್ಲಿ ಇಳಿದದ್ದು ಆ ಕಾಲದ ರೇಸಿನಲ್ಲಿ. ಅದನ್ನು ಮುಟ್ಟಲು ನಾನು ಬಂದದ್ದಲ್ಲ.

ಹೊರಟೆ. ಮೊದಲ ನೂರು ಅಡಿಯಲ್ಲೇ ವ್ಯತ್ಯಾಸ ತಿಳಿಯಿತು. ಸೈಕಲ್ ಅದೇ, ಆದರೆ ಕೈಗೆ ಬೇರೆಯಾಗಿತ್ತು. ಮಳೆನೀರು ಕೊರೆದ ಕೊರಕಲು ಅಡ್ಡ ಬಂದರೂ ಹ್ಯಾಂಡಲ್ ಕೈಯಲ್ಲೇ ಉಳಿಯಿತು. ಒಂದು ಬೆರಳಲ್ಲಿ ಹಿಡಿ, ಬಿಡು. ಹಿಡಿ, ಬಿಡು. ಕಡಿದಾದ ಜಾಗ ಬಂದಾಗ ಸೀಟ್ ಇಳಿಸಿ ಹಿಂದಕ್ಕೆ ಸರಿದೆ. ಡ್ರಾಪರ್ ಒಂದನ್ನು ಮಾತ್ರ ನಾನು ಯಾರ ಮುಂದೆಯೂ ಬಿಟ್ಟುಕೊಡುವುದಿಲ್ಲ. ಅದು ಹಾಕಿಸಿದ್ದು ಸಾರ್ಥಕ. ಕ್ಯಾಮೆರಾ ಕಾರ್ನರ್ ಅನ್ನುವ ತಿರುವು ಫೋಟೋಗಳಿಂದ ಪರಿಚಯ. ಕಪ್ಪುಬಿಳುಪಿನಲ್ಲಿ ನೋಡಿದ್ದ ಧೂಳು, ಜೀನ್ಸ್ ತೊಟ್ಟ ಹುಡುಗರು, ಅಡ್ಡವಾಗಿ ಜಾರುತ್ತಿರುವ ಸೈಕಲ್. ಅಲ್ಲಿ ನಿಂತೆ. ಯಾರೂ ಇರಲಿಲ್ಲ. ಜಲ್ಲಿಯ ಮೇಲೆ ಒಂದು ಟಯರ್ ಗುರುತು ಇತ್ತು. ಹೆಲ್ಮೆಟ್ಟೂ ಇಲ್ಲದೆ, ಮುಂದಿನ ಬ್ರೇಕೂ ಇಲ್ಲದೆ ಈ ತಿರುವಿಗೆ ಬಂದಿದ್ದ ಅವರನ್ನು ನೆನೆದು ಗಂಟಲು ಕಟ್ಟಿತು. ಯಾಕೆ ಅಂತ ಸರಿಯಾಗಿ ಹೇಳಲು ಬರುವುದಿಲ್ಲ.

ಕೆಳಗೆ ಕಣಿವೆಯಲ್ಲಿ ನೆರಳು, ಬೇ ಮರದ ಎಲೆಯ ಗಾಢ ವಾಸನೆ. ಕೈ ತೆರೆದು ಮುಚ್ಚಿ ನೋಡಿಕೊಂಡೆ. ಬೆರಳು ಮರಗಟ್ಟಿರಲಿಲ್ಲ. ರೋಟರಿನಿಂದ ಸುಟ್ಟ ವಾಸನೆ ಬರುತ್ತಿತ್ತು, ಹತ್ತಿರ ಕೈ ತಂದರೆ ಬಿಸಿ. ಸ್ವಲ್ಪ ಹೊತ್ತಿಗೆ ಅವರೂ ಇಳಿದು ಬಂದರು, ಆರಾಮವಾಗಿ, ಒಂದು ಕಾಲು ಊರಿ ನಿಂತರು.

"ಆಗ ಗ್ರೀಸ್ ಸುಟ್ಟ ವಾಸನೆ ಹೇಗಿರುತ್ತಿತ್ತು?" ಅಂತ ಕೇಳಿದೆ.

ಬಹಳ ಹೊತ್ತು ಯೋಚಿಸಿದರು. "ವಾಸನೆ ನೆನಪಿಲ್ಲ. ಆದರೆ ಹೊಗೆ ನೆನಪಿದೆ. ಹೊಗೆ ಬಿಟ್ಟುಕೊಂಡು ಬಂದವನನ್ನು ಕಂಡರೆ ನಾವು ಹುಡುಗರು ಜಾಸ್ತಿ ಚಪ್ಪಾಳೆ ಹೊಡೆಯುತ್ತಿದ್ದೆವು."

ವಾಪಸ್ ಹೊರಡುವ ಹಿಂದಿನ ರಾತ್ರಿ ಸೈಕಲ್ ಬಿಚ್ಚಿದೆ. ಮೊದಲು ಎರಡೂ ಕಡೆ ಪ್ಯಾಡ್‌ಗಳ ನಡುವೆ ರಟ್ಟು ಸಿಕ್ಕಿಸಿದೆ. ಆಮೇಲೆ ಗೆಳೆಯನ ಹತ್ತಿರ ಬಿಳಿ ಪೆನ್ನು ಕೇಳಿ ತಗೊಂಡು, ಲಿವರ್‌ಗಳು ಕೂತಿದ್ದ ಜಾಗಕ್ಕೆ ಹ್ಯಾಂಡಲ್ ಮೇಲೆ ಎರಡು ಗೆರೆ ಎಳೆದೆ.