ಸಾಯದ ಆಟವೂ ಆಟವೇ

ಮಳೆಯ ನೆಪದಲ್ಲಿ ಕಾಲೇಜಿಗೆ ರಜೆ ಸಿಕ್ಕಿತೆಂದರೆ ಸಾಕು, ಬದಿಯಡ್ಕದ ನಮ್ಮ ಮನೆಯಲ್ಲಿ ಅಣ್ಣನ ಮಗ ‘ಸೆಕಿರೊ’ ಎಂಬ ವಿಡಿಯೊ ಗೇಮ್ ಮುಂದೆ ಠಿಕಾಣಿ ಹೂಡುತ್ತಾನೆ. 2019ರ ಈ ಆಟದಲ್ಲಿ ಸುಲಭ, ಕಠಿಣ ಎಂಬ ಆಯ್ಕೆಯೇ ಇಲ್ಲ. ಎದುರಾಳಿಯ ಕತ್ತಿಯನ್ನು ಸರಿಯಾದ ಕ್ಷಣಕ್ಕೆ ತಡೆಯದಿದ್ದರೆ ಕಥೆ ಮುಗಿಯಿತು. ಹಲ್ಲು ಕಚ್ಚಿ ಮತ್ತೆ ಶುರು ಮಾಡುತ್ತಾನೆ, ಊಟಕ್ಕೆ ಕರೆದರೂ ಓಗೊಡುವುದಿಲ್ಲ. ನಾನು 2012ರ ‘ಜರ್ನಿ’ ಹಾಕಿದರೆ ಮಾತ್ರ, “ಸಾಯುವ ಭಯವೇ ಇಲ್ಲದ್ದು ಎಂಥ ಆಟ ಚಿಕ್ಕಪ್ಪ?” ಎಂದು ನಗುತ್ತಾನೆ.

‘ಜರ್ನಿ’ಯ ಮರಳುಗಾಡಿನಲ್ಲಿ ಎಲ್ಲಿಯವನೋ ಒಬ್ಬ ಆಟಗಾರ ಜೊತೆಯಾಗುತ್ತಾನೆ. ಆಡುವಷ್ಟು ಹೊತ್ತು ಅವನ ಹೆಸರು ತಿಳಿಯದು, ಮಾತಿಗೂ ಅವಕಾಶವಿಲ್ಲ. ಒಂದು ನಾದ ಹೊರಡಿಸಿ ಕರೆಯಬಹುದು, ಅಷ್ಟೇ. ಒಬ್ಬರಿಗೊಬ್ಬರು ತಾಗಿದರೆ ಇಬ್ಬರ ಶಾಲಿಗೂ ಹಾರುವ ಶಕ್ತಿ ಮರಳುತ್ತದೆ. ಇಲ್ಲಿ ಸೋಲಿನ ಹೆದರಿಕೆಯನ್ನು ತುರುಕಿದ್ದರೆ ಆ ಅಪರಿಚಿತನನ್ನು ಯಾರು ಕಾಯುತ್ತಿದ್ದರು?

ಹುಡುಗನ ಹಟವನ್ನು ನಾನು ಹಳಿಯುವುದಿಲ್ಲ. ಅವನ ಆಟದಲ್ಲಿ ಪ್ರತಿ ಸೋಲಿಗೂ ಕಾರಣ ಕಣ್ಣಿಗೆ ಕಾಣುತ್ತದೆ, ಕೈ ಪಳಗುತ್ತದೆ. ಆದರೆ ಶತ್ರುವಿನ ಆಯುಷ್ಯವನ್ನಷ್ಟೇ ಹಿಗ್ಗಿಸಿ ‘ಕಠಿಣ’ ಎಂದು ಬೀಗುವ ಆಟಗಳಿವೆಯಲ್ಲ, ಅವನ್ನು ಆಡುವಾಗ ಕರೆಂಟು ಹೋದರೆ ನನಗಂತೂ ಖುಷಿಯೇ.